ಪಾಯಿಂಟ್ ಸಮ ಇದ್ದರೆ ಆಟವೂ ಸಮವೇ?

ಪ್ರಶ್ನೆ: ನಾವು ಐದು ಜನ ಗೆಳೆಯರು ನಾಲ್ಕು ವರ್ಷದಿಂದ ಮಿನಿಯೇಚರ್ ವಾರ್‌ಗೇಮ್ (ಪುಟ್ಟ ಸೈನಿಕರ ಬೊಂಬೆ, ದಾಳ ಇಟ್ಟುಕೊಂಡು ಮೇಜಿನ ಮೇಲೆ ಆಡುವ ಯುದ್ಧದಾಟ) ಆಡುತ್ತಿದ್ದೇವೆ. ಯಾವಾಗಲೂ ಒಂದೇ ಥರ. ಆಡುವ ಇಬ್ಬರೂ 2,000 ಪಾಯಿಂಟ್‌ಗೆ (ಪ್ರತಿ ತುಕಡಿಗೂ ನಿಯಮದಲ್ಲಿ ಒಂದು ಬೆಲೆ ಇರುತ್ತದೆ, ಅದೇ ಪಾಯಿಂಟ್) ಆರ್ಮಿ ಲಿಸ್ಟ್, ಅಂದರೆ ಸೈನ್ಯದ ಪಟ್ಟಿ, ಮಾಡಿಕೊಂಡು ಬರುತ್ತೇವೆ, ಮೇಜಿನ ಮೇಲೆ ಎದುರುಬದುರು ನಿಲ್ಲಿಸುತ್ತೇವೆ, ಹೊಡೆದಾಡುತ್ತೇವೆ. ಈಗೀಗ ಲಿಸ್ಟ್ ನೋಡಿದ ಕೂಡಲೇ ಯಾರು ಗೆಲ್ಲುತ್ತಾರೆ ಅಂತ ಗೊತ್ತಾಗಿಬಿಡುತ್ತದೆ. ನಮ್ಮಲ್ಲಿ ಒಬ್ಬನಿಗೆ ಲಿಸ್ಟ್ ಕಟ್ಟುವುದೇ ಆಟ, ಹೆಚ್ಚಿನ ಸಲ ಗೆಲ್ಲುವವನೂ ಅವನೇ. ಬದಲಾವಣೆ ಇರಲಿ ಅಂತ ನಾನೊಂದು ಸನ್ನಿವೇಶ ಬರೆದೆ. ಸೇತುವೆ ಕಾಯುವವರಿಗೆ 600 ಪಾಯಿಂಟ್, ಹಿಡಿಯಲು ಬರುವವರಿಗೆ 1,200. ಆರು ಟರ್ನ್ (ಸರದಿ) ಒಳಗೆ ಸೇತುವೆ ಹಿಡಿಯಬೇಕು. ಆ ಗೆಳೆಯನೇ ದಾಳಿ ಮಾಡಿದ, ಹೀನಾಯವಾಗಿ ಸೋತ. 'ಡಬಲ್ ಸೈನ್ಯ ಕೊಟ್ಟರೂ ಗೆಲ್ಲೋಕಾಗಲ್ಲ ಅಂದ್ರೆ ಇದು ಆಟವೇ ಅಲ್ಲ' ಅಂದ. ಇನ್ನು ಮುಂದೆ ಸನ್ನಿವೇಶದ ಆಟ ಬೇಡವಂತೆ. ಸನ್ನಿವೇಶ ಅಂದರೆ ಒಬ್ಬರಿಗೆ ಅನ್ಯಾಯ ಆಗಲೇಬೇಕಾ? ಪಾಯಿಂಟ್ ಬಿಟ್ಟರೆ ಸಮಬಲ ತರುವುದು ಹೇಗೆ? ಅವನೂ ಇನ್ನೊಬ್ಬನೂ ಟೂರ್ನಮೆಂಟ್‌ಗೆ ತಯಾರಾಗುತ್ತಿದ್ದಾರೆ. ಅವರನ್ನು ಬಿಟ್ಟು ಆಡಲು ನನಗೆ ಮನಸ್ಸಿಲ್ಲ. ಸೇತುವೆ ಆಟದ ನಕ್ಷೆಯನ್ನೂ ಕಳಿಸಿದ್ದೇನೆ.

ಉತ್ತರ: ನಿಮ್ಮ ಗೆಳೆಯನ ಸಿಟ್ಟಿನಲ್ಲಿ ಅರ್ಥ ಇದೆ. ಅವನು ಆಡಿದ್ದು ನಿಜಕ್ಕೂ ಗೆಲ್ಲಲಾಗದ ಆಟ. ಹಾಗಂತ ಎಲ್ಲ ಸನ್ನಿವೇಶಗಳೂ ಹೀಗೇ ಇರುತ್ತವೆ ಅಂತಲ್ಲ. ನಿಮ್ಮ ನಕ್ಷೆಯಲ್ಲಿ ಒಂದು ಲೆಕ್ಕ ತಪ್ಪಿಹೋಗಿದೆ ಅಷ್ಟೇ. ಮೊದಲು ಅದನ್ನೇ ನೋಡೋಣ. ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಅಲ್ಲಿಂದಲೇ ಸಿಗುತ್ತದೆ.

ನಿಮ್ಮ ಮೇಜು 48 ಇಂಚು ಅಗಲ. ದಾಳಿ ಮಾಡುವವನು ತನ್ನ ಅಂಚಿನಿಂದ 6 ಇಂಚಿನೊಳಗೆ ಸೈನ್ಯ ನಿಲ್ಲಿಸಬೇಕು. ಸೇತುವೆ ಎದುರಿನ ಅಂಚಿನಿಂದ 12 ಇಂಚು ಈಚೆಗಿದೆ. ಅಂದರೆ ಅವನ ಮುಂದಿನ ಸಾಲಿಗೂ ಸೇತುವೆಗೂ ನಡುವೆ 30 ಇಂಚು. ಕಾಲಾಳು ಟರ್ನ್‌ಗೆ 6 ಇಂಚು ನಡೆಯುತ್ತಾನೆ. ಬರೀ ನಡೆಯುವುದಕ್ಕೇ ಐದು ಟರ್ನ್ ಬೇಕು. ಸಾಲದ್ದಕ್ಕೆ ನಡುವೆ 6 ಇಂಚಿನ ಜೌಗು ಇಟ್ಟಿದ್ದೀರಿ, ಅಲ್ಲಿ ವೇಗ ಅರ್ಧ. ಅಲ್ಲಿಗೆ ಆರು ಟರ್ನ್ ಮುಗಿಯಿತು! ಸೇತುವೆಯ ಹತ್ತಿರ ಬಂದು ನಿಂತಾಗ ಹೋರಾಡಲು ಒಂದು ಟರ್ನ್ ಕೂಡ ಉಳಿದಿರಲಿಲ್ಲ.

ಇನ್ನು ಸೇತುವೆ ಮೇಲಿದ್ದ ಎರಡು ಮೆಷಿನ್ ಗನ್ ವಿಷಯ. ಒಂದೊಂದಕ್ಕೆ ಆರು ದಾಳ. 4 ಅಥವಾ ಜಾಸ್ತಿ ಬಿದ್ದರೆ ಗುಂಡು ತಗಲುತ್ತದೆ, ಅಂದರೆ ಸರಾಸರಿ ಮೂರು. ತಗಲಿದ್ದರಲ್ಲಿ 3 ಅಥವಾ ಜಾಸ್ತಿ ಬಿದ್ದರೆ ಸೈನಿಕ ಬೀಳುತ್ತಾನೆ, ಅಂದರೆ ಎರಡು. ಎರಡು ಗನ್ ಸೇರಿ ಟರ್ನ್‌ಗೆ ನಾಲ್ಕು ಜನ. ಗನ್ 24 ಇಂಚು ದೂರದಿಂದಲೇ ಹೊಡೆಯುತ್ತದೆ, ಹಾಗಾಗಿ ಕಡಿಮೆ ಅಂದರೂ ನಾಲ್ಕು ಟರ್ನ್ ಅವನು ಗುಂಡಿನ ಬಾಯಲ್ಲಿದ್ದ. ಅವನ 40 ಕಾಲಾಳುಗಳಲ್ಲಿ 16 ಜನ ಒಂದು ಗುಂಡನ್ನೂ ಸರಿಯಾಗಿ ಹಾರಿಸದೆ ಬಿದ್ದರು. ಮಧ್ಯದಲ್ಲಿ ಮರೆಯಾಗಲು ಒಂದು ಗೋಡೆ ಇಲ್ಲ, ಒಂದು ಗುಡ್ಡ ಇಲ್ಲ. ಓಡಿದ್ದರೆ ಬೇಗ ತಲುಪುತ್ತಿದ್ದನೇನೋ, ಆದರೆ ನಿಮ್ಮ ನಿಯಮದ ಪ್ರಕಾರ ಓಡಿದವನು ಗುಂಡು ಹಾರಿಸುವಂತಿಲ್ಲ.

ಹಲವು ವರ್ಷ ನಾನು ಟೂರ್ನಮೆಂಟ್‌ಗಳಲ್ಲಿ ತೀರ್ಪುಗಾರನಾಗಿದ್ದೇನೆ, ಸನ್ನಿವೇಶಗಳನ್ನೂ ಬರೆದಿದ್ದೇನೆ. ಮೊದಲ ಸಲ ಸನ್ನಿವೇಶ ಬರೆಯುವವರಲ್ಲಿ ನಾನು ಕಂಡ ತಪ್ಪುಗಳಲ್ಲಿ ಇದೇ ಜಾಸ್ತಿ. ಎಲ್ಲರೂ ಸೈನ್ಯದ ಪಾಯಿಂಟ್ ಸರಿ ಮಾಡುವುದರಲ್ಲಿ ಮುಳುಗಿರುತ್ತಾರೆ. ದೂರವನ್ನು ನಡಿಗೆಯಿಂದ ಭಾಗಿಸಿ ನೋಡುವುದಿಲ್ಲ. ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ: ಗುರಿ ತಲುಪುವ ನಡಿಗೆ ಒಟ್ಟು ಟರ್ನ್‌ಗಳ ಅರ್ಧಕ್ಕಿಂತ ಜಾಸ್ತಿ ತಿನ್ನಬಾರದು. ಉಳಿದರ್ಧ ಜಗಳಕ್ಕೆ ಬೇಕು.

ಆದರೂ ಡಬಲ್ ಸೈನ್ಯ ಇತ್ತಲ್ಲ, ಅದೆಲ್ಲಿ ಹೋಯಿತು ಅಂತ ಕೇಳಬಹುದು. ಇದು ಸ್ವಲ್ಪ ನಿಧಾನವಾಗಿ ನೋಡಬೇಕಾದ ವಿಷಯ. ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಬ್ರಿಟಿಷ್ ಎಂಜಿನಿಯರ್ 1916ರಲ್ಲಿ ಬಂದ ಪುಸ್ತಕದಲ್ಲಿ ಒಂದು ಲೆಕ್ಕ ವಿವರಿಸಿದ್ದಾರೆ. ಬಯಲಲ್ಲಿ ಎಲ್ಲರೂ ಎಲ್ಲರಿಗೂ ಗುಂಡು ಹೊಡೆಯಬಹುದಾದಾಗ ಸೈನ್ಯದ ಬಲ ಸಂಖ್ಯೆಯ ವರ್ಗದಷ್ಟು ಏರುತ್ತದೆ. ಒಂದೇ ಗುಣಮಟ್ಟದ 10 ಜನ ಮತ್ತು 7 ಜನ ಎದುರಾದರು ಅಂದುಕೊಳ್ಳಿ. 100ರಲ್ಲಿ 49 ಕಳೆದರೆ 51, ಅದರ ವರ್ಗಮೂಲ ಸುಮಾರು 7. ಅಂದರೆ ಏಳು ಜನ ಪೂರ್ತಿ ನಾಶವಾಗುವ ಹೊತ್ತಿಗೆ ಆ ಕಡೆ ಇನ್ನೂ ಏಳು ಜನ ನಿಂತಿರುತ್ತಾರೆ. ಮೂರೇ ಮೂರು ಜನರ ವ್ಯತ್ಯಾಸ ಇಷ್ಟು ದೊಡ್ಡದಾಗುತ್ತದೆ.

ಆದರೆ ಇಕ್ಕಟ್ಟಾದ ಜಾಗದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಸೇತುವೆಯ ಬಾಯಲ್ಲಿ ಒಂದು ಸಲಕ್ಕೆ ನಾಲ್ಕೈದು ಜನ ಮಾತ್ರ ಕೈಮಾಡಬಹುದು. ಹಿಂದೆ ನಿಂತವರು ಸುಮ್ನೆ ತಮ್ಮ ಸರದಿ ಕಾಯಬೇಕು. ನೀವು ಕೊಟ್ಟ 1,200 ಪಾಯಿಂಟ್ ಕಾಗದದ ಮೇಲೆ ಡಬಲ್. ಆ ಸೇತುವೆಯ ಬಾಯಲ್ಲಿ ಡಬಲ್ ಆಗಿರಲಿಲ್ಲ.

ಇದೇ ಲೆಕ್ಕ ಹಿಡಿದು ನಿಮ್ಮ ಎಂದಿನ 2,000 ಪಾಯಿಂಟ್ ಆಟಕ್ಕೆ ಬನ್ನಿ. ಎರಡೂ ಕಡೆ ಹತ್ತು ಯೂನಿಟ್ (ತುಕಡಿ), ಬಯಲು ಮೇಜು. ಮೊದಲ ಟರ್ನ್ ಸಿಕ್ಕವನು ಮೂರು ಯೂನಿಟ್ ಉರುಳಿಸಿದ. ಈಗ ಅದು ಹತ್ತಕ್ಕೆ ಏಳರ ಆಟ. ಆಮೇಲೆ ಎರಡು ಗಂಟೆ ದಾಳ ಉರುಳಿಸಿದರೂ ಫಲಿತಾಂಶ ಬದಲಾಗುವುದು ಕಷ್ಟ. ಲಿಸ್ಟ್ ನೋಡಿದ ಕೂಡಲೇ ಗೊತ್ತಾಗುತ್ತದೆ ಅಂದಿರಲ್ಲ, ಅದಕ್ಕೆ ನಿಮ್ಮ ಗೆಳೆಯನ ಜಾಣತನ ಒಂದು ಕಾರಣ. ನಿಮ್ಮ ಮೇಜು ಅಷ್ಟು ಬಯಲಾಗಿರುವುದು, ಇಬ್ಬರ ಗುರಿಯೂ ಎದುರಾಳಿಯನ್ನು ಕೊಲ್ಲುವುದೊಂದೇ ಆಗಿರುವುದು ಅದಕ್ಕಿಂತ ದೊಡ್ಡ ಕಾರಣ. ಹಾಗಿದ್ದಾಗ ಮೊದಲು ಸಿಕ್ಕ ಸಣ್ಣ ಮೇಲುಗೈ ತಾನಾಗೇ ಬೆಳೆಯುತ್ತಾ ಹೋಗುತ್ತದೆ.

ಹಾಗಾದರೆ ಪಾಯಿಂಟ್ ಅಂದರೇನು? ಅದು ಒಂದು ಅಂದಾಜು. ಯಾವ ಮೇಜು, ಯಾವ ಎದುರಾಳಿ, ಯಾವ ಗುರಿ ಅಂತ ಗೊತ್ತಿಲ್ಲದಾಗ ಒಂದು ಯೂನಿಟ್ ಸರಾಸರಿ ಎಷ್ಟು ಉಪಯೋಗಕ್ಕೆ ಬರಬಹುದು ಎಂಬ ಅಂದಾಜು. ಟ್ಯಾಂಕ್ ಒಡೆಯುವ ಗನ್‌ಗೆ 100 ಪಾಯಿಂಟ್ ಕೊಟ್ಟಿರಿ ಅಂದುಕೊಳ್ಳಿ. ಎದುರಾಳಿ ಒಂದು ಟ್ಯಾಂಕೂ ತರದಿದ್ದರೆ ಅದು ಹೆಚ್ಚುಕಡಿಮೆ ದಂಡ. ಮೂರು ಟ್ಯಾಂಕ್ ತಂದರೆ 200 ಕೊಟ್ಟರೂ ಅಗ್ಗ. ಕೆಲವು ಯೂನಿಟ್‌ಗಳಂತೂ ಒಂದರ ಪಕ್ಕ ಒಂದು ಇದ್ದಾಗ ಮಾತ್ರ ಪೂರ್ತಿ ಬಲ ತೋರಿಸುತ್ತವೆ. ಬಿಡಿಬಿಡಿಯಾಗಿ ಹಾಕಿದ ಪಾಯಿಂಟ್ ಆ ಜೋಡಿಯನ್ನು ಹಿಡಿಯುವುದಿಲ್ಲ. ಲಿಸ್ಟ್ ಕಟ್ಟುವ ಜಾಣ ಹುಡುಕುವುದೇ ಈ ಸಂದುಗಳನ್ನು. ಪಾಯಿಂಟ್ ಸಮಬಲ ತಂದುಕೊಡುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ತೀರಾ ಅನ್ಯಾಯದ ಆಟವನ್ನು ಅದು ತಪ್ಪಿಸುತ್ತದೆ, ಸಮಬಲಕ್ಕೆ ಖಾತರಿ ಕೊಡುವುದಿಲ್ಲ.

ಪಾಯಿಂಟ್ ಕಿತ್ತು ಬಿಸಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಅದೂ ತಪ್ಪು. 2015ರಲ್ಲಿ ಇಂಥ ಆಟಗಳನ್ನು ತಯಾರಿಸುವ ಗೇಮ್ಸ್ ವರ್ಕ್‌ಶಾಪ್ ಕಂಪನಿ 'ಏಜ್ ಆಫ್ ಸಿಗ್ಮಾರ್' ಆಟವನ್ನು ಪಾಯಿಂಟ್ ಇಲ್ಲದೆಯೇ ಹೊರತಂದಿತು. ಯಾರಿಗೆ ಎಷ್ಟು ಬೇಕೋ ಅಷ್ಟು ಮಿನಿಯೇಚರ್ ಇಡಿ, ಇಬ್ಬರೂ ಮಾತಾಡಿಕೊಂಡು ಆಡಿ ಅಂತ. ಪರಿಚಯವಿಲ್ಲದ ಇಬ್ಬರು ಮೇಜಿನ ಮುಂದೆ ನಿಂತರೆ ಎಲ್ಲಿಂದ ಮಾತು ಶುರು ಮಾಡುವುದು? ಒಂದೇ ವರ್ಷದಲ್ಲಿ, 2016ರಲ್ಲಿ, ಪಾಯಿಂಟ್ ವಾಪಸ್ ಬಂತು. ಜೊತೆಗೆ ಮೂರು ದಾರಿಗಳನ್ನು ಬೇರೆ ಬೇರೆ ಹೆಸರಿಟ್ಟು ಹೇಳಿದರು: ಮನಸ್ಸಿಗೆ ಬಂದಂತೆ ಆಡುವುದು, ಕಥೆ ಹಿಡಿದು ಆಡುವುದು, ಸಮ ಪಾಯಿಂಟ್‌ನಲ್ಲಿ ಆಡುವುದು. ನನಗೆ ಆ ವಿಂಗಡಣೆ ಇಷ್ಟ. ಮೂರೂ ಬೇರೆ ಬೇರೆ ಊಟ ಅಂತ ಒಪ್ಪಿಕೊಂಡ ಹಾಗೆ.

ಇಲ್ಲಿ ನಿಮ್ಮ ಗೆಳೆಯನ ಪರವಾಗಿಯೂ ಒಂದು ಮಾತು ಹೇಳಬೇಕು. ಲಿಸ್ಟ್ ಕಟ್ಟುವವರಿಗೆ ಕಥೆ ಬೇಡ, ಗೆಲುವಷ್ಟೇ ಬೇಕು ಅಂತ ಬಹಳ ಜನ ಮಾತಾಡುತ್ತಾರೆ. ನಾನು ಕಂಡದ್ದು ಹಾಗಿಲ್ಲ. ಟೂರ್ನಮೆಂಟ್ ಮೇಜಿನಲ್ಲಿ ಒಂದು ಇಂಚು ಹಿಂದೆ ಸರಿದು ಎದುರಾಳಿಯ ದಾಳಿ ತಪ್ಪಿಸುವವರನ್ನು ನೋಡಿದ್ದೇನೆ. ಕೊನೆಯ ಟರ್ನ್‌ನ ಅಂಕಕ್ಕಾಗಿ ತಮ್ಮ ಅತ್ಯುತ್ತಮ ಯೂನಿಟ್ ಬಲಿ ಕೊಡುವವರನ್ನೂ ನೋಡಿದ್ದೇನೆ. ಅದು ದೊಡ್ಡ ಕೌಶಲ. ಇನ್ನೊಂದು ವಿಷಯ ಮರೆಯುವುದು ಬೇಡ. ಇವತ್ತಿನ ಬಹುತೇಕ ಟೂರ್ನಮೆಂಟ್‌ಗಳು ಬರೀ ಕೊಲ್ಲುವ ಆಟ ಆಡಿಸುವುದಿಲ್ಲ. ಗುರಿಗಳಿರುತ್ತವೆ, ಜಾಗ ಹಿಡಿಯಬೇಕು, ಅಂಕ ಟರ್ನ್‌ಟರ್ನ್‌ಗೂ ಸೇರುತ್ತದೆ. ನಿಮ್ಮ ಮನೆ ಆಟಕ್ಕಿಂತ ಅಲ್ಲೇ ಸನ್ನಿವೇಶ ಜಾಸ್ತಿ ಇರಬಹುದು. ಆ ಇಬ್ಬರನ್ನು ಟೂರ್ನಮೆಂಟ್ ಗುರಿಗಳನ್ನಿಟ್ಟೇ ಅಭ್ಯಾಸ ಮಾಡಿ ಅಂತ ಕೇಳಿ, ಖಂಡಿತ ಒಪ್ಪುತ್ತಾರೆ.

ಇತಿಹಾಸದ ಕಡೆ ಒಂದು ನೋಟ ಹಾಕಿದರೆ ನಿಮ್ಮ ಆಸೆ ಎಷ್ಟು ಹಳೆಯದು ಅಂತ ಗೊತ್ತಾಗುತ್ತದೆ. 1824ರಲ್ಲಿ ಪ್ರಶ್ಯಾದ (ಆಗಿನ ಒಂದು ಜರ್ಮನ್ ರಾಜ್ಯ) ಸೇನಾಧಿಕಾರಿ ರೈಸ್‌ವಿಟ್ಜ್ ತಮ್ಮ 'ಕ್ರೀಗ್ಸ್‌ಪೀಲ್' (ಯುದ್ಧದಾಟ) ಆಟದ ನಿಯಮ ಪ್ರಕಟಿಸಿದರು. ಅಲ್ಲಿ ಇಬ್ಬರೂ ತಮಗೆ ಬೇಕಾದ ಸೈನ್ಯ ಆರಿಸಿಕೊಂಡು ಬರುತ್ತಿರಲಿಲ್ಲ. ಅಂಪೈರ್ ಒಬ್ಬರು ಇಬ್ಬರಿಗೂ ಬೇರೆ ಬೇರೆಯಾಗಿ ಪರಿಸ್ಥಿತಿ ಹೇಳುತ್ತಿದ್ದರು: ನಿನ್ನ ಹತ್ತಿರ ಇಷ್ಟು ಸೈನ್ಯ ಇದೆ, ಈ ಕೆಲಸ ಆಗಬೇಕು, ಶತ್ರುವಿನ ಬಗ್ಗೆ ಗೊತ್ತಿರುವುದು ಇಷ್ಟೇ. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಆಟಕ್ಕೆ ನಿಯಮ ಬರೆದಾಗಲೂ ಕೊನೆಯವರೆಗೆ ಹೊಡೆದಾಡುವ ಆಟದ ಜೊತೆಗೆ ಶತ್ರುವಿನ ಬೆನ್ನಿಗೆ ಹೊಡೆಯುವ ಆಟ, ರಕ್ಷಣೆಯ ಆಟ ಅಂತ ಬೇರೆ ಬೇರೆ ಸೇರಿಸಿದ್ದರು. 1987ರಲ್ಲಿ ಬಂದ 'ವಾರ್‌ಹ್ಯಾಮರ್ 40,000' ಆಟದ ಮೊದಲ ಪುಸ್ತಕ ಕೂಡ ಆಟ ನಡೆಸಿಕೊಡಲು ಮೂರನೆಯವನೊಬ್ಬ ಇರುತ್ತಾನೆ ಅಂದುಕೊಂಡೇ ಬರೆದದ್ದು.

ಸೈನ್ಯ ಸಮ ಇಲ್ಲದೆ ಆಟ ಸಮ ಆಗಬಹುದಾ? ಹುಲಿ-ಕುರಿ ಆಟ ಆಡಿದವರು ಈ ಪ್ರಶ್ನೆ ಕೇಳುವುದೇ ಇಲ್ಲ. ಹುಲಿಗಳು ಕೆಲವೇ, ಕುರಿಗಳು ಬಹಳ. ಹುಲಿ ಹಾರಿ ತಿನ್ನುತ್ತದೆ, ಕುರಿಗೆ ಆ ಶಕ್ತಿ ಇಲ್ಲ. ಆದರೆ ಹುಲಿಯ ಕೆಲಸ ತಿನ್ನುವುದು, ಕುರಿಯ ಕೆಲಸ ಕಟ್ಟಿಹಾಕುವುದು. ಕೆಲಸ ಬೇರೆ ಬೇರೆ ಆದ್ದರಿಂದಲೇ ಆಟ ತೂಗುತ್ತದೆ. ಸನ್ನಿವೇಶ ಬರೆಯುವವರು ನ್ಯಾಯ ತರಬೇಕಾದದ್ದು ಅಲ್ಲೇ: ಯಾರಿಗೆ ಏನು ಕೆಲಸ, ಎಷ್ಟು ಹೊತ್ತು, ಏನೇನು ಗೊತ್ತಿರುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಎಲ್ಲಕ್ಕಿಂತ ಸರಳವಾದದ್ದು ಅದೇ ಸನ್ನಿವೇಶವನ್ನು ಎರಡು ಸಲ ಆಡುವುದು. ಮೊದಲು ನೀವು ಕಾಯಿರಿ, ಆಮೇಲೆ ಅವನು ಕಾಯಲಿ. ಇಬ್ಬರೂ ದಾಳಿಯಲ್ಲಿ ಗೆದ್ದರೆ ಯಾರು ಕಡಿಮೆ ಟರ್ನ್‌ನಲ್ಲಿ ಹಿಡಿದರೋ ಅವರದು ಗೆಲುವು. ಸನ್ನಿವೇಶ ಎಷ್ಟೇ ಓರೆಯಾಗಿದ್ದರೂ ಇಬ್ಬರಿಗೂ ಅದೇ ಓರೆ. ತೊಂದರೆ ಏನೆಂದರೆ ಹೊತ್ತು ಬಹಳ ಹಿಡಿಯುತ್ತದೆ, ಎರಡನೇ ಸಲ ಆಡುವವನಿಗೆ ಮೊದಲ ಆಟದ ಪಾಠ ಪುಕ್ಕಟೆ ಸಿಗುತ್ತದೆ. ಸಣ್ಣ ಸೈನ್ಯ ಇಟ್ಟುಕೊಳ್ಳಿ. ವಾರ್‌ಗೇಮ್ ಲೇಖಕ ನೀಲ್ ಥಾಮಸ್ 2014ರಲ್ಲಿ ತಂದ ಪುಸ್ತಕದಲ್ಲಿ ಒಂದೇ ಗಂಟೆಯ 30 ಸನ್ನಿವೇಶಗಳಿವೆ, ಸೈನ್ಯ ಅಂದರೆ ಹೆಚ್ಚೆಂದರೆ ಆರು ಯೂನಿಟ್, ಅವು ಯಾವುವು ಅಂತ ದಾಳವೇ ಹೇಳುತ್ತದೆ. ಅಷ್ಟು ಚಿಕ್ಕದಾದರೆ ಒಂದು ಮಧ್ಯಾಹ್ನ ಎರಡಲ್ಲ, ಮೂರು ಆಟ ಆಡಬಹುದು.

ನಿಮ್ಮ ಗೆಳೆಯನಿಗೆ ಹೆಚ್ಚು ಹಿಡಿಸುವುದು ಹರಾಜು ಅಂತ ನನಗನಿಸುತ್ತದೆ. ಮೇಜು, ಸೇತುವೆ, ಕಾಯುವ ಸೈನ್ಯ ಎಲ್ಲ ಕಣ್ಣ ಮುಂದೆ ಇಡಿ. ಇಬ್ಬರೂ ಚೀಟಿಯಲ್ಲಿ ಗುಟ್ಟಾಗಿ ಬರೆಯಿರಿ: 'ಇಷ್ಟು ಪಾಯಿಂಟ್ ಕೊಟ್ಟರೆ ನಾನು ದಾಳಿ ಮಾಡುತ್ತೇನೆ.' ಕಡಿಮೆ ಬರೆದವನು ದಾಳಿಗೆ ಇಳಿಯುತ್ತಾನೆ, ಅವನೇ ಬರೆದಷ್ಟು ಸೈನ್ಯದ ಜೊತೆ. ಪಾಯಿಂಟ್ ಲೆಕ್ಕ ಇಲ್ಲಿ ಮೇಜನ್ನು ಓದುವ ಕೌಶಲವಾಗಿ ಬದಲಾಗುತ್ತದೆ. ಸೋತ ಮೇಲೆ ಅನ್ಯಾಯ ಅನ್ನುವಂತಿಲ್ಲ, ಬೆಲೆ ಕಟ್ಟಿದವನು ಅವನೇ ಅಲ್ವಾ. ಹೊಸಬರು ಇದ್ದಾಗ ಮಾತ್ರ ಇದು ಬೇಡ. ಅವರಿಗೆ ಬೆಲೆ ಅಂದಾಜಾಗುವುದಿಲ್ಲ, ಬೇಗ ಎದೆಗುಂದುತ್ತಾರೆ.

ಮೂರನೆಯದು, ನೀವು ಐದು ಜನ ಇರುವುದರಿಂದ ಕೈಗೆ ಸಿಕ್ಕಿರುವ ಅನುಕೂಲ. ಇಬ್ಬರಿಗೆ ಇಬ್ಬರು, ಐದನೆಯವನು ಅಂಪೈರ್. ಅಂಪೈರ್ ಇದ್ದರೆ ಹೊಂಚು ಹಾಕಿದ ಸೈನ್ಯವನ್ನು ನಿಜವಾಗಿ ಬಚ್ಚಿಡಬಹುದು. ಪ್ರತಿ ತಂಡಕ್ಕೂ ಬೇರೆ ಬೇರೆ ಚೀಟಿ ಕೊಡಬಹುದು. ಇದರ ಅಪಾಯವನ್ನೂ ಹೇಳುತ್ತೇನೆ. ಅಂಪೈರ್‌ಗೆ ತನ್ನ ಕಥೆಯ ಮೇಲೆ ಮೋಹ ಹುಟ್ಟಿಬಿಡುತ್ತದೆ. ತಾನು ಅಂದುಕೊಂಡ ಅಂತ್ಯ ಬರಲಿ ಅಂತ ಗೊತ್ತಿಲ್ಲದೆಯೇ ಒಂದು ಕಡೆ ವಾಲುತ್ತಾನೆ. ಅದಕ್ಕೆ ಒಂದು ಶಿಸ್ತು ಇಟ್ಟುಕೊಳ್ಳಿ: ನಿಯಮದಲ್ಲಿ ಇಲ್ಲದ್ದು ಏನಾದರೂ ಬಂದರೆ 'ದಾಳದಲ್ಲಿ 3 ಅಥವಾ ಜಾಸ್ತಿ ಬಿದ್ದರೆ ಆಗುತ್ತದೆ' ಅಂತ ಮೊದಲು ಎಲ್ಲರಿಗೂ ಕೇಳುವಂತೆ ಹೇಳಿ, ಆಮೇಲೆ ದಾಳ ಹಾಕಬೇಕು.

ನನ್ನ ಕೈಯಲ್ಲೇ ಆದ ಒಂದು ತಪ್ಪನ್ನು ಹೇಳುತ್ತೇನೆ, ನೀವು ಮಾಡದಿರಲಿ ಅಂತ. ಒಂದು ಆಟದಲ್ಲಿ ಬೆಂಬಲ ಪಡೆ ಬರಲು ಪ್ರತಿ ಟರ್ನ್ ದಾಳದಲ್ಲಿ 6 ಬೀಳಬೇಕು ಅಂತ ಬರೆದಿದ್ದೆ. ಆರು ಟರ್ನ್ ಇದೆ, ಒಂದು ಸಲವಾದರೂ ಬಿದ್ದೇ ಬೀಳುತ್ತದೆ ಅಂದುಕೊಂಡಿದ್ದೆ. ಬೀಳಲಿಲ್ಲ. ಆ ಪಡೆ ನಡೆಸಬೇಕಿದ್ದ ಗೆಳೆಯ ವಾರಗಟ್ಟಲೆ ಕೂತು ಬಣ್ಣ ಹಚ್ಚಿದ್ದ ಕುದುರೆ ಸವಾರರನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಅಂಚಿನ ಆಚೆ ಸಾಲಾಗಿ ನಿಲ್ಲಿಸಿಕೊಂಡಿದ್ದ. ಎರಡು ಗಂಟೆ ಕಳೆದ ಮೇಲೆ ಒಂದೊಂದಾಗಿ ವಾಪಸ್ ಪೆಟ್ಟಿಗೆಗೆ ಇಟ್ಟ. ಆಮೇಲೆ ಲೆಕ್ಕ ಹಾಕಿದೆ. ಆರು ಸಲ ಹಾಕಿದರೂ ಒಮ್ಮೆಯೂ 6 ಬೀಳದಿರುವ ಸಾಧ್ಯತೆ ಶೇ. 33. ಮೂರು ಆಟದಲ್ಲಿ ಒಂದರಲ್ಲಿ ಹೀಗೇ ಆಗುತ್ತದೆ. ಈಗ ನಾನು ಮೂರನೇ ಟರ್ನ್‌ನಲ್ಲಿ 5 ಅಥವಾ ಜಾಸ್ತಿ, ನಾಲ್ಕನೇ ಟರ್ನ್‌ನಲ್ಲಿ 3 ಅಥವಾ ಜಾಸ್ತಿ, ಐದಕ್ಕೆ ದಾಳ ಇಲ್ಲದೆಯೇ ಬರಲಿ ಅಂತ ಬರೆಯುತ್ತೇನೆ. ಯಾವಾಗ ಬರುತ್ತಾರೆ ಎಂಬ ಆತಂಕ ಉಳಿಯುತ್ತದೆ, ಯಾರೂ ಸುಮ್ಮನೆ ಕೂರುವುದಿಲ್ಲ. ವಾಟರ್‌ಲೂ ಕದನ ಆಡುವವರಿಗೂ ಇದೇ ಬೇಕು. 1815ರ ಜೂನ್ 18ರ ಮಧ್ಯಾಹ್ನದ ಮೇಲೆ ಎದುರಾಳಿಯ ನೆರವಿಗೆ ಪ್ರಶ್ಯನ್ನರು ಬಂದೇ ಬರುತ್ತಾರೆ ಅಂತ ನೆಪೋಲಿಯನ್ ಜಾಗದಲ್ಲಿ ಕೂತವನಿಗೆ ಗಳಿಗೆ ಸಮೇತ ಗೊತ್ತಿದ್ದರೆ ಅವನು ನೆಪೋಲಿಯನ್ ಆಡಿದಂತೆ ಆಡುವುದೇ ಇಲ್ಲ.

ಸರಿ, ನಿಮ್ಮ ಸೇತುವೆಗೆ ವಾಪಸ್ ಬರೋಣ. ಆ ಆಟ ಬಿಸಾಕಬೇಡಿ, ಒಳ್ಳೆಯ ಆಟ ಅದರೊಳಗೇ ಇದೆ. ಆರು ಟರ್ನ್ ಎಂಟು ಮಾಡಿ. ಸೇತುವೆಯನ್ನು ಮೇಜಿನ ನಡುವಿಗೆ ಎಳೆಯಿರಿ, ಆಗ ನಡಿಗೆ 18 ಇಂಚು, ಮೂರು ಟರ್ನ್. ಜೌಗನ್ನು ಒಂದು ಪಕ್ಕಕ್ಕೆ ಸರಿಸಿ, ಅದರ ಆಚೆ ನದಿ ದಾಟಲು ಒಂದು ಆಳವಿಲ್ಲದ ಜಾಗ ಇಡಿ. ನೇರವಾಗಿ ಬಂದರೆ ಬೇಗ ತಲುಪಬಹುದು, ಆದರೆ ಗುಂಡು ತಿನ್ನಬೇಕು. ಸುತ್ತಿಕೊಂಡು ಬಂದರೆ ತಡ, ಆದರೆ ಮರೆ ಇದೆ. ದಾಳಿಯವನಿಗೆ ಈಗ ಯೋಚಿಸಲು ಏನೋ ಸಿಕ್ಕಿತು. ದಾರಿಯಲ್ಲಿ ಎರಡು ಗೋಡೆ, ಒಂದು ಪಾಳುಮನೆ ಇರಲಿ.

ಕಾಯುವವನಿಗೂ ಒಂದು ಸಂಕಟ ಕೊಡಿ. ಈಗ ಅವನ ಕೆಲಸ ಅಲ್ಲಾಡದೆ ಕೂತು ದಾಳ ಹಾಕುವುದಷ್ಟೇ. ಹೀಗೆ ಮಾಡಿ ನೋಡಿ: ಎಂಟನೇ ಟರ್ನ್ ಮುಗಿದಾಗ ಸೇತುವೆ ಅವನ ಕೈಯಲ್ಲಿದ್ದರೆ ಪೂರ್ತಿ ಗೆಲುವು. ಐದನೇ ಟರ್ನ್‌ವರೆಗೆ ಹಿಡಿದಿಟ್ಟು, ಆಮೇಲೆ ತನ್ನ ಅರ್ಧ ಸೈನ್ಯವನ್ನಾದರೂ ಹಿಂದಿನ ಅಂಚಿನಿಂದ ಜೀವಂತವಾಗಿ ದಾಟಿಸಿದರೆ ಸಣ್ಣ ಗೆಲುವು. ಇನ್ನೆರಡು ಟರ್ನ್ ನಿಲ್ಲಲಾ, ಈಗಲೇ ಹೊರಡಲಾ ಎಂಬ ಪ್ರಶ್ನೆ ಅವನನ್ನು ಐದನೇ ಟರ್ನ್‌ನಿಂದ ತಿನ್ನಲು ಶುರುಮಾಡುತ್ತದೆ. ಲಿಸ್ಟ್‌ನಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ, ಮೇಜನ್ನೇ ನೋಡಬೇಕು. ವಿಶೇಷ ನಿಯಮ ಇಷ್ಟೇ ಸಾಕು. ಮಂಜು, ಮಳೆ, ಸೇತುವೆಗೆ ಕಟ್ಟಿದ ಸಿಡಿಮದ್ದು ಎಲ್ಲವನ್ನೂ ಮೊದಲ ದಿನವೇ ಸೇರಿಸಿದರೆ ಆಟಕ್ಕಿಂತ ಕಾಗದ ಓದುವುದೇ ಜಾಸ್ತಿಯಾಗುತ್ತದೆ.

ಸೈನ್ಯ ಯಾರು ಕಟ್ಟಬೇಕು? ನಿಮ್ಮ ಆ ಗೆಳೆಯನೇ. ಎರಡೂ ಕಡೆಯದ್ದನ್ನೂ ಅವನೇ ಕಟ್ಟಲಿ, ಆದರೆ ಯಾವ ಕಡೆ ಬೇಕು ಅಂತ ಆರಿಸುವವರು ನೀವು. ಒಂದು ಕಡೆ ಸ್ವಲ್ಪ ಜೋರಾಗಿ ಕಟ್ಟಿದರೂ ಅದನ್ನು ನೀವು ಎತ್ತಿಕೊಳ್ಳುತ್ತೀರಿ ಅಂತ ಅವನಿಗೆ ಗೊತ್ತಿರುತ್ತದೆ. ಅವನ ಜಾಣತನವೆಲ್ಲ ಆಗ ತಕ್ಕಡಿ ಸಮ ಮಾಡುವುದಕ್ಕೆ ಖರ್ಚಾಗುತ್ತದೆ. ಮೊದಲು ಮಾತ್ರ ಅವನಿಗೆ ಆ 30 ಇಂಚಿನ ಲೆಕ್ಕ ತೋರಿಸಿ. 'ನೀನು ಹೇಳಿದ್ದು ಸರಿ, ಅದು ಗೆಲ್ಲಲಾಗದ ಆಟವಾಗಿತ್ತು' ಅಂತ ನೀವಾಗೇ ಹೇಳಿ. ಟೂರ್ನಮೆಂಟ್ ಮುಗಿಯುವವರೆಗೆ ವಾರ ಬಿಟ್ಟು ವಾರ ಆಡಿ: ಒಂದು ವಾರ ಅವರ ಅಭ್ಯಾಸ, ಇನ್ನೊಂದು ವಾರ ಸನ್ನಿವೇಶ. ಅಭ್ಯಾಸದ ವಾರ ನೀವೂ ಮನಸ್ಸಿಟ್ಟು ಆಡಿ, ಅವರಿಗೆ ಗಟ್ಟಿ ಎದುರಾಳಿ ಬೇಕು.

ಹೊಸ ಸೇತುವೆ ಆಟದ ದಿನ ಪಕ್ಕದಲ್ಲಿ ಒಂದು ಕಾಗದ ಇಟ್ಟುಕೊಳ್ಳಿ. ದಾಳಿಯವನ ಮೊದಲ ಸೈನಿಕ ಸೇತುವೆ ಮುಟ್ಟಿದ್ದು ಎಷ್ಟನೇ ಟರ್ನ್, ಆಗ ಎರಡೂ ಕಡೆ ಎಷ್ಟು ಯೂನಿಟ್ ಉಳಿದಿದ್ದವು ಅಂತ ಬರೆದಿಡಿ. ಮೂರಕ್ಕೇ ಮುಟ್ಟಿ, ಕಾಯುವವನು ಹೊರಡಬೇಕೋ ಬೇಡವೋ ಅಂತ ಯೋಚಿಸುವ ಮೊದಲೇ ಆಟ ಮುಗಿದರೆ ಒಂದು ಗೋಡೆ ತೆಗೆಯಿರಿ. ಆರನೇ ಟರ್ನ್ ಆದರೂ ಮುಟ್ಟದಿದ್ದರೆ ಒಂದು ಮೆಷಿನ್ ಗನ್ ತೆಗೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ.